ಕೈ ಯಾರದು?

ನಮ್ಮೂರು ಬೆಳಕೆ. ಭಟ್ಕಳದ ಕಡೆಯ ಹೆಂಗಸರು ಮಲ್ಲಿಗೆ ಕಟ್ಟುವುದನ್ನು ನೋಡಬೇಕು. ಕಣ್ಣು ಒಂದೆಡೆ, ಮಾತು ಇನ್ನೊಂದೆಡೆ. ಬೆರಳುಗಳು ಮಾತ್ರ ತಮ್ಮ ಪಾಡಿಗೆ ಗಂಟು ಹಾಕುತ್ತಲೇ ಇರುತ್ತವೆ. ನನ್ನ ಸೋದರತ್ತೆಯ ಕೈ ಅಂಥದು.

ಅವಳ ಬಲ ಅಂಗೈಯಲ್ಲಿ, ಕಿರುಬೆರಳ ಬುಡಕ್ಕೆ, ಕಡಲೆಕಾಳಿನಷ್ಟು ಗಂಟೊಂದು ಎದ್ದಿತು. ನೋವಿಲ್ಲದ್ದರಿಂದ ವರ್ಷವಿಡೀ ಯಾರೂ ಗಮನಿಸಲಿಲ್ಲ. ಕೈಯ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ ಎಂಬುದೂ ನಿಜವೇ. ಆದರೆ ಇದು ಹಾಗಿರಲಿಲ್ಲ. ತುಣುಕು ತೆಗೆದು ಪರೀಕ್ಷಿಸಿದಾಗ ಸಾರ್ಕೋಮಾ, ಎಂದರೆ ಮೃದು ಅಂಗಾಂಶದ ಕ್ಯಾನ್ಸರು ಎಂದು ತಿಳಿಯಿತು. ವಯಸ್ಕರ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಒಂದರಷ್ಟು. ಕೈಯಲ್ಲಂತೂ ಇನ್ನೂ ವಿರಳ.

ವೈದ್ಯರು ಎರಡು ದಾರಿ ಹೇಳಿದರು. ಮಣಿಕಟ್ಟಿನ ಮೇಲಕ್ಕೆ ಕೈಯನ್ನೇ ತೆಗೆಯುವುದು ಒಂದು. ಗಡ್ಡೆಯನ್ನು ಅದರ ಸುತ್ತಲಿನ ಆರೋಗ್ಯವಂತ ಮಾಂಸದೊಡನೆ, ಎರಡು ಬೆರಳುಗಳ ಸಮೇತ ತೆಗೆದು, ಆಮೇಲೆ ವಿಕಿರಣ ಚಿಕಿತ್ಸೆ ಕೊಡುವುದು ಇನ್ನೊಂದು. ತೊಡೆಯಲ್ಲಾದರೆ ಸುತ್ತ ಬೇಕಾದಷ್ಟು ಮಾಂಸವಿದೆ. ಅಂಗೈಯಲ್ಲಿ ನರ, ಸ್ನಾಯುರಜ್ಜು, ರಕ್ತನಾಳ ಎಲ್ಲವೂ ಒತ್ತೊತ್ತಾಗಿ ಕೂತಿವೆ. ಕತ್ತರಿಗೆ ಜಾಗವೇ ಇಲ್ಲ.

ಆ ಸಂಜೆ ಜಗಲಿಯಲ್ಲಿ ಗಂಡಸರೆಲ್ಲ ಸೇರಿ ಚರ್ಚಿಸಿದೆವು. "ಜೀವಕ್ಕಿಂತ ಕೈ ದೊಡ್ಡದೇ?" ಎಂದು ನಾನೇ ದನಿಯೇರಿಸಿದೆ. ಪ್ರಶ್ನೆ ಎಷ್ಟು ನ್ಯಾಯವಾಗಿ ಕೇಳಿಸುತ್ತದೆ! ಆದರೆ ಅದು ಸುಳ್ಳು ಪ್ರಶ್ನೆಯೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೈಕಾಲುಗಳಲ್ಲಿ ಸಾರ್ಕೋಮಾ ಇದ್ದ 43 ಮಂದಿಯಲ್ಲಿ 16 ಜನರಿಗೆ ಅಂಗಚ್ಛೇದ, 27 ಜನರಿಗೆ ಅಂಗ ಉಳಿಸುವ ಶಸ್ತ್ರಕ್ರಿಯೆಯೊಡನೆ ವಿಕಿರಣ. ಅಂಗ ಉಳಿಸಿಕೊಂಡ ನಾಲ್ವರಲ್ಲಿ ರೋಗ ಅದೇ ಜಾಗದಲ್ಲಿ ಮರುಕಳಿಸಿತು. ಆದರೂ ಬದುಕಿ ಉಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಈ ಅಂಕಿಗಳನ್ನು ಹಿಡಿದು ಅತ್ತೆಯ ಮುಂದೆ ಹೋದೆ. ಮೊದಲು ಕತ್ತರಿಸಲು ವಾದಿಸಿದ್ದವನು ಈಗ ಉಳಿಸಲು ವಾದಿಸಿದೆ. ಅವಳು ಕೇಳಿ, "ನಿನ್ನೆಯೂ ನೀನೇ ಹೇಳಿದೆ, ಇಂದೂ ನೀನೇ ಹೇಳುತ್ತಿದ್ದೀಯೆ. ಕೈ ನನ್ನದಲ್ಲವೋ?" ಎಂದಳು.

ನಾನು ತಲೆ ತಗ್ಗಿಸಿದೆ. ಅಂಕಿಗಳು ದಾರಿ ಎರಡಿವೆಯೆಂದು ತೋರಿಸಬಲ್ಲವು. ಮರುಕಳಿಸುವ ಭಯ ಹೆಚ್ಚೋ, ಕೈಯಿಲ್ಲದ ಬಾಳು ಹೆಚ್ಚೋ ಎಂದು ತೂಗಲಾರವು. ಆ ತಕ್ಕಡಿ ಇರುವುದು ಒಬ್ಬರ ಬಳಿ ಮಾತ್ರ. ಪ್ರೀತಿಯ ಹೆಸರಿನಲ್ಲಿ ನಾವು ಕಸಿಯುವುದು ಹೆಚ್ಚಾಗಿ ಅದನ್ನೇ.

ಆದರೆ ತೂಗಲು ಸಮಯವಾದರೂ ಇರಬೇಡವೇ? ಗಡ್ಡೆ ಚಿಕ್ಕದಿದ್ದಷ್ಟೂ ಕೈ ಉಳಿಸುವುದು ಸುಲಭ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ಕೂಗಿದ್ದು ಬರಿಯ ಅನುಕೂಲಕ್ಕಲ್ಲ. ಮಣಿಪಾಲ, ಮಂಗಳೂರೆಂದು ದೂರ ಲೆಕ್ಕ ಹಾಕುತ್ತ ಕೂತವನ ಆಯ್ಕೆಯನ್ನು ರೋಗವೇ ಮಾಡಿಬಿಡುತ್ತದೆ.

ಅತ್ತೆ ವೈದ್ಯರನ್ನು ಕೇಳಿದ್ದು ಒಂದೇ: "ಉಳಿದ ಬೆರಳಲ್ಲಿ ನಾರು ಹಿಡಿಯಬಹುದೇ?" ಅವರು, "ಹಿಡಿಯಬಹುದು, ಮೊದಲಿನಂತೆ ಅಲ್ಲ," ಎಂದರು. ಅವಳು ಒಪ್ಪಿದಳು.

ಈಗ ಅವಳ ಮಾಲೆ ಸ್ವಲ್ಪ ಸಡಿಲ. ಬಿಗಿಯಾಗಿ ಕಟ್ಟೆಂದು ಯಾರೂ ಹೇಳುವುದಿಲ್ಲ. ಹೇಳಿದರೆ ಅವಳು ಕೇಳುವುದೂ ಇಲ್ಲ.