ಅಂಕಿತವೂ ಅಡಿಟಿಪ್ಪಣಿಯೂ

ಹೇಳಿದವರೇ ‘ಇದು ನನ್ನದಲ್ಲ’ ಎಂದು ಬಿಟ್ಟುಕೊಟ್ಟ ಮಾತಿಗೆ ಅಡಿಟಿಪ್ಪಣಿಯಲ್ಲಿ ಯಾರ ಹೆಸರು ಹಾಕಬೇಕು? ಧಾರವಾಡದಲ್ಲಿ ವಚನಗಳ ಮೇಲೆ ಪಿಎಚ್‌.ಡಿ. ಮಾಡುವ ಹುಡುಗ ಹುಡುಗಿಯರ ಕರಡು ತಿದ್ದುವ ನನಗೆ ಇದು ಬರೀ ಅಲ್ಪವಿರಾಮ, ಪೂರ್ಣವಿರಾಮದ ಪ್ರಶ್ನೆಯಾಗಿ ಉಳಿದಿಲ್ಲ. ಬಸವಣ್ಣನವರು ವಚನದ ಕೊನೆಗೆ ತಮ್ಮ ಹೆಸರು ಹಾಕಲಿಲ್ಲ, ಅಂಕಿತವಾಗಿ ಕೂಡಲಸಂಗಮದೇವನ ಹೆಸರು ಹಾಕಿದರು. ಅಲ್ಲಮಪ್ರಭು ಗುಹೇಶ್ವರನನ್ನು ಕರೆದರು, ಅಕ್ಕ ಚೆನ್ನಮಲ್ಲಿಕಾರ್ಜುನನನ್ನು. ಕರ್ತೃವಿನ ಜಾಗದಲ್ಲಿ ದೇವರು ಕೂತಿದ್ದಾನೆ. ಸಂಶೋಧನೆಯ ಶಿಸ್ತಿಗೆ ಬೇಕಾದದ್ದೋ ಲೇಖಕ, ಇಸವಿ, ಪುಟ.

ನನ್ನ ವಿದ್ಯಾರ್ಥಿಯೊಬ್ಬ ಇದನ್ನೇ ಹಿಡಿದು ವಾದಕ್ಕಿಳಿದ. “ಮೇಡಂ, ವಚನ ಯಾರಪ್ಪನ ಆಸ್ತೀನೂ ಅಲ್ಲಲ್ರಿ. ಸಂಪುಟ, ಪುಟ, ಸಂಪಾದಕರು ಇವೆಲ್ಲಾ ಯಾಕ್ರಿ?” ನಾನಂದೆ: “ಹಂಗಾದ್ರ ನಿನ್ನ ಪ್ರಬಂಧದ ಮ್ಯಾಲೆ ನಿನ್ನ ಹೆಸರ್ಯಾಕ ಹಾಕೀಪಾ?” ಅವನು ನಕ್ಕ. ಆದರೆ ಅವನ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ.

ಉಲ್ಲೇಖದ ನಮೂನೆಗಳು ಈ ವಿಷಯದಲ್ಲಿ ಎಡವುತ್ತವೆ, ನಿಜ. ಎಪಿಎ ಶೈಲಿಯನ್ನು ಕಣ್ಣುಮುಚ್ಚಿ ಅನುಸರಿಸಿದರೆ ‘ಬಸವಣ್ಣ, 1993’ ಎಂದಾಗುತ್ತದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಹದಿನೈದು ಸಮಗ್ರ ವಚನ ಸಂಪುಟಗಳನ್ನು ಹೊರತಂದ ವರ್ಷ ಅದು. ಹನ್ನೆರಡನೆಯ ಶತಮಾನದ ಶರಣರು ಕಂಪ್ಯೂಟರ್ ಕಾಲಕ್ಕೆ ಬಂದು ಮಾತಾಡಿದಂತೆ ಕಾಣುತ್ತದೆ. ಮೂಲದ ಅಂದಾಜು ಕಾಲ, ಓರೆಗೆರೆ, ಆಮೇಲೆ ಮುದ್ರಣದ ಇಸವಿ ಎಂದು ಬರೆಯಲು ಅದೇ ಶೈಲಿಯಲ್ಲಿ ದಾರಿಯಿದೆ. ಅಷ್ಟು ಮಾಡಿದರೆ ಆ ವಿಚಾರ ಮುಗಿಯಿತು.

ಮುಗಿಯದಿರುವುದು ಆವೃತ್ತಿಯ ವಿಚಾರ. ವಚನಗಳು ನಮಗೆ ಬಸವಣ್ಣನವರ ಕೈಯಿಂದ ನೇರವಾಗಿ ಬಂದಿಲ್ಲ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ, ಹದಿನೈದನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ ಕಟ್ಟಿದ್ದರು. ಸಂಪುಟದಲ್ಲಿ ಒಂಟಿಯಾಗಿ ನಿಂತ ವಚನ ಅಲ್ಲಿ ಯಾರದೋ ಪ್ರಶ್ನೆಗೆ ಕೊಟ್ಟ ಉತ್ತರವಾಗುತ್ತದೆ, ಅರ್ಥವೂ ಆ ಕಡೆಗೆ ವಾಲುತ್ತದೆ. ಎಲ್ಲಿಂದ ತೆಗೆದುಕೊಂಡೆ ಎಂದು ಹೇಳದವನು ಯಾವ ಅರ್ಥವನ್ನು ತೆಗೆದುಕೊಂಡೆ ಎಂಬುದನ್ನೂ ಬಚ್ಚಿಟ್ಟಂತೆ. ಇನ್ನೊಂದು ತಮಾಷೆ ನೋಡಿ: ಚದುರಿ ಬಿದ್ದ ಓಲೆಗಳಲ್ಲಿ ಇದು ಇಂಥವರ ವಚನವೆಂದು ಸಂಪಾದಕರು ಬೇರ್ಪಡಿಸಲು ಸಾಧ್ಯವಾದದ್ದು ಮುಖ್ಯವಾಗಿ ಅಂಕಿತದಿಂದಲೇ. ‘ನಾನು’ ಎಂಬುದನ್ನು ಅಳಿಸಲು ಹಾಕಿದ ಹೆಸರೇ ಅವರ ಗುರುತಾಗಿ ಉಳಿಯಿತು.

ಆದರೂ ವಿದ್ಯಾರ್ಥಿಯ ಪ್ರಶ್ನೆ ನಿಂತೇ ಇದೆ. ಮಾತು ಯಾರದೂ ಅಲ್ಲ ಎಂದು ನಂಬಿದ ಮೇಲೆ ಹೆಸರೇಕೆ? ಇದಕ್ಕೆ ನನಗೆ ದಾರಿ ತೋರಿದ್ದು ವಚನಕಾರರು ಒಪ್ಪದ ವೇದದ ಕಡೆಯವರು. ಮೀಮಾಂಸಕರ ಪ್ರಕಾರ ವೇದ ಅಪೌರುಷೇಯ, ಅದಕ್ಕೆ ಕರ್ತೃವೇ ಇಲ್ಲ. ಹೀಗಿದ್ದೂ ಪ್ರತಿ ಸೂಕ್ತಕ್ಕೂ ಋಷಿ, ಛಂದಸ್ಸು, ದೇವತೆ ಎಂಬ ಮೂರು ವಿವರಗಳಿವೆ. ಗಾಯತ್ರಿ ಮಂತ್ರ ಜಪಿಸುವವರು ಮೊದಲು ವಿಶ್ವಾಮಿತ್ರರ ಹೆಸರು ಹೇಳುತ್ತಾರೆ. ಋಗ್ವೇದಕ್ಕೆ ಕಾತ್ಯಾಯನ ಸರ್ವಾನುಕ್ರಮಣಿ ಮಾಡಿಟ್ಟದ್ದು ಇದಕ್ಕಾಗಿಯೇ. ಈ ಮೂರನ್ನೂ ಅರಿಯದೆ ಮಂತ್ರ ಹೇಳಿದರೆ, ಹೇಳಿಕೊಟ್ಟರೆ, ದೋಷ ತಟ್ಟುತ್ತದೆ ಎಂದು ಸಂಪ್ರದಾಯ ಎಚ್ಚರಿಸಿತು. ವಿಶ್ವಾಮಿತ್ರರು ಮಂತ್ರದ ಒಡೆಯರಲ್ಲ. ಅದು ಅವರ ಮೂಲಕ ಬಂತು, ಅಷ್ಟೆ. ಒಡೆತನವಿಲ್ಲದ ಕಡೆಯೂ ಹೆಸರು ಹೇಳಬೇಕೆಂದರೆ, ಹೆಸರು ಹೇಳುವುದು ಒಡೆತನ ಸಾರುವುದಕ್ಕಲ್ಲ ಎಂದಾಯಿತು. ಬಂದ ದಾರಿಯನ್ನು ಮರೆಯದಿರುವುದು ಪಡೆದವನ ಹೊಣೆ.

ನನ್ನ ನಿಲುವು ಇಲ್ಲೇ ಇದೆ. ಬಸವಣ್ಣನವರು ತಮ್ಮ ಮಾತಿನ ಮೇಲಿನ ಹಕ್ಕು ಬಿಟ್ಟರು. ಬಿಡುವ ಅಧಿಕಾರ ಅವರಿಗಿತ್ತು. ಅವರು ಬಿಟ್ಟರೆಂದು ನಾವೂ ಅವರ ಹೆಸರು ಬಿಟ್ಟರೆ ಅದು ವಿನಯವಾಗುವುದಿಲ್ಲ. ಸಾಲ ಕೊಟ್ಟವನು ‘ಇರಲಿ ಬಿಡಪ್ಪಾ’ ಅನ್ನಬಹುದು. ತೆಗೆದುಕೊಂಡವನೇ ಅದನ್ನು ಅಂದರೆ ಊರು ಒಪ್ಪುತ್ತದೆಯೇ?

ಅಂಕಿತವನ್ನೇ ಮುಟ್ಟಿದಾಗ ಏನಾಯಿತೆಂದು ನಾಡು ನೋಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ‘ಲಿಂಗದೇವ’ ಎಂದು ಮಾಡಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ನನಗೆ ಒಗ್ಗದ ಮಾತು. ಮೇಲೆ ಪ್ರಚಲಿತ ಪಾಠ ಕೊಟ್ಟು, ಕೆಳಗೆ ‘ನನ್ನ ನಂಬಿಕೆಯಂತೆ ಹೀಗಿರಬೇಕು’ ಎಂದು ಕಾರಣಸಹಿತ ಬರೆದಿದ್ದರೆ ಓದುಗರು ಎರಡನ್ನೂ ತೂಗಿ ನೋಡುತ್ತಿದ್ದರು. ಭಕ್ತಿಗೆ ಟಿಪ್ಪಣಿಯಲ್ಲಿ ಬೇಕಾದಷ್ಟು ಜಾಗವಿದೆ, ಪಾಠದೊಳಗೆ ಕೈಹಾಕುವ ಸಲಿಗೆ ಇಲ್ಲ.

ಬಂದ ದಾರಿ ನೆನೆಯುವ ಹೊಣೆಯನ್ನು ಈಗ ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ವಹಿಸಿದ್ದೇವೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಹುಡುಗರು ‘ಪರ್ಸೆಂಟೇಜ್ ಎಷ್ಟ ಬಂತು’ ಎಂದು ಕೇಳಿಕೊಳ್ಳುತ್ತಾರೆ, ಯಾರಿಂದ ಏನು ಬಂತು ಎಂದು ಕೇಳಿಕೊಳ್ಳುವುದಿಲ್ಲ. ಪದ ಬದಲಿಸಿ ವಿಚಾರ ಎತ್ತಿದವನು ಯಂತ್ರದ ಕಣ್ಣು ತಪ್ಪಿಸಿ ಪಾರಾಗಬಹುದು. ಅವನ ಋಣ ಮಾತ್ರ ಹಾಗೇ ಇರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವವರು ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹಾಡಿದ ಹೆಂಗಸರು. ಎಷ್ಟೋ ಜಾನಪದ ಸಂಗ್ರಹಗಳಲ್ಲಿ ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿದೆ, ಹಾಡಿದಾಕೆಯದು ಎಲ್ಲೂ ಇಲ್ಲ. ಆಕೆ ಬಸವಣ್ಣನವರಂತೆ ಹೆಸರು ತ್ಯಜಿಸಿದವಳಲ್ಲ. ಆಕೆಯನ್ನು ಯಾರೂ ಕೇಳಲೇ ಇಲ್ಲ. ತ್ಯಾಗವೂ ಉಪೇಕ್ಷೆಯೂ ಪುಟದ ಮೇಲೆ ಒಂದೇ ರೀತಿ ಖಾಲಿಯಾಗಿ ಕಾಣುವುದರಿಂದಲೇ ನಾವು ಬರೆದಿಡಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ನಾನು ಹೇಳುವುದಿಷ್ಟು: ಹೆಸರು, ಊರು, ತಾರೀಖು ಕೇಳಿ ಬರೆದುಕೊಳ್ಳಿ. ‘ನನ್ನ ಹೆಸರು ಹಾಕಬ್ಯಾಡವ್ವಾ’ ಎಂದು ಆಕೆ ಅಂದರೆ ಹಾಕಬೇಡಿ. ಹಾಗೆ ಅಂದಳೆಂಬುದನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ತಪ್ಪದೆ ಹಾಕಿ.