ಬಿಚ್ಚಿಡಬಹುದಾದ ವೇಷ



*ಇಂದಿನ ಚಿಂತನೆ*

ಆಗಸ್ಟ್ 15ರಿಂದ ಹಿಡಿದು ನವೆಂಬರ್ 26ರ ಸಂವಿಧಾನ ದಿನದವರೆಗೆ ನಮ್ಮ ಶಾಲೆಗಳಲ್ಲಿ ಛದ್ಮವೇಷದ ಕಾಲ. ಸಂಜೆ ಹೊತ್ತು ಶಾಲೆಯ ಗ್ರೂಪಿಗೆ ಮೆಸೇಜು ಬರುತ್ತದೆ: ನಾಡಿದ್ದು ಸ್ಪರ್ಧೆ, ಮಕ್ಕಳಿಗೆ ವೇಷ ಹಾಕಿ ಕಳಿಸಿ. ಜಯನಗರ, ಬನಶಂಕರಿ ಕಡೆ ಬಾಡಿಗೆಗೆ ವೇಷ ಸಿಗುತ್ತದೆ. ಆದರೆ ಬಾಡಿಗೆ, ಅದರ ಮೇಲೆ ಡಿಪಾಸಿಟ್ಟು, ಎರಡು ಸಲದ ಓಡಾಟ ಸೇರಿದರೆ ದಿನಗೂಲಿಯ ಮನೆಗೆ ಅದು ಸಣ್ಣ ಖರ್ಚಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಬೀರು ತೆಗೆದು, ಹಳೆ ಬಟ್ಟೆಯ ಗಂಟು ಬಿಚ್ಚಿ ಕೂರುತ್ತಾರೆ.

ಆಗ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಮಾತಿನಲ್ಲಿ 'ವೇಷ' ಒಳ್ಳೆಯ ಪದವೇನಲ್ಲ. 'ಏನ್ ವೇಷ ಹಾಕ್ತಾನೆ ನೋಡು' ಎಂದರೆ ಬೈಗುಳ. ಸುಳ್ಳಿನಿಂದ ದೂರವಿರುತ್ತೇನೆ ಎಂದು ಪಂಚಶೀಲ ಸ್ವೀಕರಿಸಿದ ಮನೆಯಲ್ಲಿ ಮಗುವಿಗೆ ವೇಷ ಕಟ್ಟಬಹುದೇ? ಅದರಲ್ಲೂ ಬುದ್ಧರ, ಬಾಬಾಸಾಹೇಬರ ವೇಷ? ಅವರನ್ನು ಆಟದ ಸಾಮಾನು ಮಾಡಿದ ಹಾಗಾಗುವುದಿಲ್ಲವೇ? ಕೆಲವು ಹಿರಿಯರು ಹೀಗೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಧಮ್ಮದಲ್ಲಿ ಕರ್ಮವನ್ನು ತೂಗುವುದು ಚೇತನಾದಿಂದ, ಅಂದರೆ ಅದರ ಹಿಂದಿನ ಉದ್ದೇಶದಿಂದ. ಮೋಸ ಮಾಡುವ ಮನಸ್ಸಿದ್ದಾಗ ಅದು ಸುಳ್ಳು. ವೇದಿಕೆ ಹತ್ತಿದ ಮಗು ಯಾರಿಗೂ ಮೋಸ ಮಾಡುತ್ತಿಲ್ಲ. ಅದು ನಮ್ಮ ಮನೆಯ ಮಗುವೇ ಎಂದು ನೋಡುವವರಿಗೂ ಗೊತ್ತು, ಮಗುವಿಗೂ ಗೊತ್ತು. ಕಾರ್ಯಕ್ರಮ ಮುಗಿದರೆ ಬಿಚ್ಚಿಡುತ್ತದೆ.

ಈ ಬಿಚ್ಚಿಡುವ ಮಾತೇ ಮುಖ್ಯ. ಏಕೆಂದರೆ ನಮ್ಮ ಹಿರಿಯರಿಗೆ ಬಿಚ್ಚಿಡಲು ಬಿಡದ ವೇಷವೊಂದನ್ನು ತೊಡಿಸಿದ್ದರು. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಅದನ್ನು ಬರೆದಿಟ್ಟಿದ್ದಾರೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಾವು ತುಳಿದ ಮಣ್ಣನ್ನು ಗುಡಿಸಿಕೊಂಡು ಹೋಗಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು. 1928ರಲ್ಲಿ ಇಂದೋರಿನ ಹಳ್ಳಿಗಳಲ್ಲಿ ಬಲಾಯಿ ಜನರಿಗೆ ಕಟ್ಟಪ್ಪಣೆಯಾಯಿತು: ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಚಿನ್ನ, ಬೆಳ್ಳಿ ಹಾಕಬಾರದು. ಪೊರಕೆ, ಮಡಕೆ, ಅಂಚಿಲ್ಲದ ಪಂಚೆ ಇವೆಲ್ಲ ಮನೆಯ ಸಾಮಾನುಗಳೇ. ಜಾತಿ ಅವುಗಳಿಂದಲೇ ಮನುಷ್ಯನಿಗೆ ವೇಷ ಕಟ್ಟಿ, ಇದೇ ನಿನ್ನ ನಿಜರೂಪ ಎಂದು ಹೇಳಿತು. ಅಸಲಿ ಸುಳ್ಳು ಅದು.

ಆ ಸುಳ್ಳನ್ನು ಹೇಗೆ ಬಿಚ್ಚಬೇಕೆಂದು ಬಾಬಾಸಾಹೇಬರು ಹೇಳಿಕೊಟ್ಟರು. 1927ರ ಡಿಸೆಂಬರಿನಲ್ಲಿ, ಮನುಸ್ಮೃತಿಯನ್ನು ಸುಟ್ಟ ಮಹಾಡ್ ಸಮಾವೇಶದಲ್ಲಿ, ಅವರು ಹೆಣ್ಣುಮಕ್ಕಳೊಂದಿಗೆ ಪ್ರತ್ಯೇಕವಾಗಿ ಮಾತಾಡಿದರು. ಅಸ್ಪೃಶ್ಯರೆಂದು ಗುರುತು ಹಿಡಿಯುವಂತೆ ಸೀರೆ ಉಡುವುದನ್ನು, ಆ ಗುರುತಿನ ಒಡವೆ ಹೇರಿಕೊಳ್ಳುವುದನ್ನು ಬಿಡಿ. ಬಟ್ಟೆ ಹರಿದಿದ್ದರೂ ಚಿಂತೆಯಿಲ್ಲ, ಶುಚಿಯಾಗಿರಲಿ ಎಂಬುದು ಆ ಮಾತಿನ ಸಾರ. ಆ ತಾಯಂದಿರು ಅಲ್ಲೇ ಸೀರೆ ಉಡುವ ಕ್ರಮ ಬದಲಿಸಿದರು. ಅದಕ್ಕೆ ಹೊಸ ಸೀರೆ ಬೇಕಾಗಿರಲಿಲ್ಲ. ಹಾಗೆ ನೋಡಿದರೆ ಬಾಬಾಸಾಹೇಬರ ಸೂಟು ವೇಷವಲ್ಲ, ತೊಡಿಸಿದ ವೇಷವನ್ನು ಬಿಚ್ಚಿ ಎಸೆದ ಗುರುತು.

ಅದಕ್ಕೇ ಆ ಕೋಟನ್ನು ಮಗುವಿಗೆ ಮನೆಯಲ್ಲೇ ಮಾಡಿಕೊಡಿ ಎನ್ನುತ್ತೇನೆ. ಅಣ್ಣನ ಹಳೆಯ ಬ್ಲೇಜರಿನ ತೋಳನ್ನು ಒಳಕ್ಕೆ ಮಡಚಿ ದೊಡ್ಡ ಹೊಲಿಗೆ ಹಾಕಿದರೆ ಸಾಕು. ಎರಡು ಪ್ಲಾಸ್ಟಿಕ್ ಬಳೆಗಳನ್ನು ತೆಳು ತಂತಿಯಿಂದ ಸೇರಿಸಿದರೆ ಕನ್ನಡಕ. ಹಳೆಯ ಡೈರಿಗೆ ಹೊದಿಕೆ ಹಾಕಿ, ಅದರ ಮೇಲೆ 'ಭಾರತ ಸಂವಿಧಾನ' ಎಂದು ಮಗುವಿನ ಕೈಯಲ್ಲೇ ಬರೆಸಿ. ಬಾಡಿಗೆ ವೇಷ ಕವರಿನಲ್ಲಿ ಬರುತ್ತದೆ, ಕವರಿನಲ್ಲೇ ಹೋಗುತ್ತದೆ. ಮನೆಯಲ್ಲಿ ಮಾಡುವಾಗ ಮಗು ಕೇಳುತ್ತದೆ: ಅಮ್ಮ, ಜೇಬಿನಲ್ಲಿ ಪೆನ್ನು ಯಾಕೆ? ಇವರು ಪಂಚೆ ಬಿಟ್ಟು ಕೋಟು ಯಾಕೆ ಹಾಕಿದರು? ಆ ಒಂದು ಗಂಟೆಯಲ್ಲಿ ನಾವು ಕೊಡುವ ಉತ್ತರವೇ ಧಮ್ಮಪಾಠ.

ಬುದ್ಧರ ಚೀವರಕ್ಕಂತೂ ಮನೆಯ ಹಳೆ ಬಟ್ಟೆಗಿಂತ ಯೋಗ್ಯವಾದದ್ದಿಲ್ಲ. ಮಿಂಚುವ ಸ್ಯಾಟಿನ್ನು ತಂದರೆ ಅರ್ಥವೇ ಕೆಡುತ್ತದೆ. ಕಸದ ರಾಶಿಯಲ್ಲಿ, ಸ್ಮಶಾನದಲ್ಲಿ ಬಿದ್ದ ಬಟ್ಟೆಯನ್ನು ಆಯ್ದು, ಒಗೆದು, ತುಂಡು ಸೇರಿಸಿ ಹೊಲಿದುಕೊಂಡವರು ಭಿಕ್ಖುಗಳು. ಪಾಲಿಯಲ್ಲಿ ಅದನ್ನು ಪಂಸುಕೂಲ ಎನ್ನುತ್ತಾರೆ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಚೀವರವನ್ನು ಹೀಗೇ ರೂಪಿಸಲಾಗುತ್ತದೆಯೇ ಎಂದು ಬುದ್ಧರು ಆನಂದರನ್ನು ಕೇಳಿದ ಪ್ರಸಂಗ ವಿನಯಪಿಟಕದಲ್ಲಿದೆ. ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕತಂಗಿಯರಿಗೆ ಇದನ್ನು ವಿವರಿಸಬೇಕಿಲ್ಲ, ತುಂಡುಗಳನ್ನು ಕೂಡಿಸಿ ಒಂದು ಉಡುಪು ಮಾಡುವುದೇ ಅವರ ದಿನದ ಕೆಲಸ. ಹಳೆಯ ಬಿಳಿ ಪಂಚೆಯನ್ನು ಈರುಳ್ಳಿ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹಳದಿ ಬೆರೆತ ಕಂದು ಬಣ್ಣ ಬರುತ್ತದೆ. ಭಿಕ್ಷಾಪಾತ್ರೆಗೆ ಒಂದು ತೆಂಗಿನ ಕರಟ.

ವಿನಯದಲ್ಲೇ ಇನ್ನೊಂದು ಕತೆಯಿದೆ. ಉದೇನ ರಾಜನ ರಾಣಿವಾಸದವರು ಆನಂದರಿಗೆ 500 ವಸ್ತ್ರ ಕೊಟ್ಟರು. ಇಷ್ಟೊಂದು ಏನು ಮಾಡುತ್ತೀರಿ ಎಂದು ರಾಜ ಕೇಳಿದ. ಚೀವರ ಹರಿದವರಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯವನ್ನು? ಹೊದಿಕೆ ಮಾಡುತ್ತೇವೆ. ಅದೂ ಹಳೆಯದಾದರೆ ಹಾಸಿಗೆಗೆ, ನೆಲಕ್ಕೆ, ಕಾಲೊರೆಸಲು, ದೂಳು ಒರೆಸಲು. ಕೊನೆಗೆ ಚೂರು ಮಾಡಿ ಮಣ್ಣಿಗೆ ಕಲಸಿ ನೆಲಕ್ಕೆ ಬಳಿಯುತ್ತೇವೆ. ಅಜ್ಜಿಯ ಸೀರೆ ಕೌದಿಯಾಗಿ, ಕೌದಿ ಒರೆಸುವ ಬಟ್ಟೆಯಾದ ಮನೆಗಳಿಂದ ಬಂದ ನಮಗೆ ಇದು ಹೊಸ ಮಾತಲ್ಲ. ನಾವು ಬಡತನವೆಂದು ನಾಚಿದ್ದನ್ನು ಸಂಘವು ವಿವೇಕವೆಂದು ಪಾಲಿಸುತ್ತಿತ್ತು.

ಹೆಣ್ಣುಮಕ್ಕಳಿಗೆ ಒನಕೆ ಓಬವ್ವ ಇದ್ದಾಳೆ. ನವೆಂಬರ್ 11 ಅವಳ ಜಯಂತಿ. ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ, ಛಲವಾದಿ ಮನೆಯ ಹೆಣ್ಣು. ಅವಳ ಆಯುಧವೇ ಮನೆಯ ಸಾಮಾನು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಒನಕೆ ಎಲ್ಲಿಂದ ಬರಬೇಕು? ಒಂದು ಪೈಪಿಗೆ ಕಂದು ಕಾಗದ ಸುತ್ತಿ, ಹಾಗೇ ಒನಕೆ ಎಂದರೇನೆಂದು ಹೇಳಿ. ಸಾವಿತ್ರಿಬಾಯಿ ಫುಲೆ ಆಗುವುದಾದರೆ ಕೈಚೀಲದಲ್ಲಿ ಇನ್ನೊಂದು ಸೀರೆ ಇರಲಿ. 1848ರಲ್ಲಿ ಪುಣೆಯಲ್ಲಿ ಶಾಲೆಗೆ ಹೋಗುವಾಗ ಜನ ಸಗಣಿ, ಕೆಸರು ಎರಚುತ್ತಿದ್ದರೆಂದು ಅವರು ಬದಲಿ ಸೀರೆ ಒಯ್ಯುತ್ತಿದ್ದರಂತೆ. ಆ ಎರಡನೇ ಸೀರೆ ಇಲ್ಲದಿದ್ದರೆ ವೇಷ ಅರ್ಧವೇ.

ಎರಡು ಎಚ್ಚರಿಕೆ.

ಒಂದು, ಯಾರದೋ ಬದುಕನ್ನು ನಗೆಗೆ ವೇಷ ಮಾಡಬಾರದು. ಮಗುವಿನ ಮುಖಕ್ಕೆ ಮಸಿ ಬಳಿದು, ಹರಕು ಬಟ್ಟೆ ಹಾಕಿ, ಕೈಗೆ ಪೊರಕೆ ಕೊಟ್ಟು ಚಪ್ಪಾಳೆ ಗಿಟ್ಟಿಸುವುದುಂಟು. ಆ ಪೊರಕೆಯನ್ನು ಒಂದು ಕಾಲದಲ್ಲಿ ನಮ್ಮವರ ಸೊಂಟಕ್ಕೆ ಕಟ್ಟಿದ್ದರು. ಇಂದಿಗೂ ಬೆಳಗಿನ ಜಾವ ಬೀದಿ ಗುಡಿಸುವ ತಾಯಿ ಹೆಚ್ಚಾಗಿ ನಮ್ಮವಳೇ. ಮಗುವಿಗೆ ಪೌರಕಾರ್ಮಿಕರ ವೇಷವೇ ಇಷ್ಟವಾದರೆ, ಮೊದಲು ಆ ತಾಯಿಯ ಹೆಸರು ಕೇಳಿಕೊಂಡು ಬರಲಿ.

ಎರಡು, ಜನ್ಮಾಷ್ಟಮಿಗೆ ಎಲ್ಲ ಮಕ್ಕಳೂ ಕೃಷ್ಣ, ರಾಧೆಯಾಗಿ ಬರಲಿ ಎಂಬ ಮೆಸೇಜು ಬಂದಾಗ. 22 ಪ್ರತಿಜ್ಞೆ ಸ್ವೀಕರಿಸಿದವರು ಸಿಟ್ಟಾಗಬೇಕಿಲ್ಲ, ಮುಚ್ಚಿಡಲೂ ಬೇಕಿಲ್ಲ. ಎರಡು ದಿನ ಮುಂಚೆ ನಾವೇ ಹೋಗಿ, 'ನಾವು ಬೌದ್ಧರು, ನಮ್ಮ ಮಗು ಬೇರೆ ವೇಷದಲ್ಲಿ ಬರುತ್ತದೆ' ಎಂದು ಹೇಳಬೇಕು. ಆ ಮಾತನ್ನು ಮಗುವಿನ ಬಾಯಲ್ಲಿ ಹೇಳಿಸಬಾರದು, ಪಕ್ಕದ ಮನೆಯ ಪುಟ್ಟ ಕೃಷ್ಣನನ್ನು ಮಗುವಿನ ಮುಂದೆ ಹಾಸ್ಯ ಮಾಡಲೂಬಾರದು. ದೊಡ್ಡವರ ಹೋರಾಟ ದೊಡ್ಡವರ ಹೆಗಲ ಮೇಲಿರಲಿ.

*ಇಂದಿನ ಅಭ್ಯಾಸ*

ಸ್ಪರ್ಧೆ ಮುಗಿದ ಸಂಜೆ, ಬಹುಮಾನ ಬಂದಿರಲಿ ಬಿಡಲಿ, ವೇಷವನ್ನು ಮಗುವಿನ ಕೈಯಲ್ಲೇ ಬಿಚ್ಚಿಸಿ ಮಡಚಿಡಿಸಿ. ಬ್ಲೇಜರು ಅಣ್ಣನ ಬೀರುವಿಗೆ, ಪಂಚೆ ಅಜ್ಜನಿಗೆ, ಬಳೆ ಡಬ್ಬಿಗೆ ಹೋಗಲಿ. ಯಾವ ಉಡುಪೂ 'ನಾನು' ಅಲ್ಲ ಎಂಬ ಅನಾತ್ಮದ ಪಾಠ ಮಗುವಿಗೆ ಇದಕ್ಕಿಂತ ಸುಲಭವಾಗಿ ಸಿಗುವುದಿಲ್ಲ. ಯಾರಾದರೂ ನಾಳೆ ಅದರ ಮೇಲೆ ಜಾತಿಯ ವೇಷ ಹೊದಿಸಲು ಬಂದರೆ, ಇದೂ ಬಿಚ್ಚಿಡಬಹುದಾದದ್ದೇ ಎಂದು ಅದಕ್ಕೆ ಗೊತ್ತಿರುತ್ತದೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.