ಸಂಸಾರ ಬೇರಾದಾಗ ಕಾಯಕದ ಲೆಕ್ಕ

ಶರಣಮಾರ್ಗವು ಸಂಸಾರವನ್ನು ಹಳಿದ ಮಾರ್ಗವಲ್ಲ. ಗಂಡಹೆಂಡಿರು ಕೂಡಿ ನಡೆಸುವ ಬಾಳಿನಲ್ಲಿಯೇ ಲಿಂಗಪೂಜೆ, ಕಾಯಕ, ದಾಸೋಹಗಳು ನೆಲೆಗೊಳ್ಳುವುವೆಂದು ಶರಣರು ನಡೆದು ತೋರಿದರು. ಆದುದರಿಂದ ಮನೆ ಒಡೆಯುವ ಸೂಚನೆ ಕಂಡೊಡನೆ ಹಿರಿಯರೂ ಗುರುಗಳೂ ಸಂಧಾನಕ್ಕೆ ಯತ್ನಿಸುವುದು ಯೋಗ್ಯವೇ ಸರಿ. ಆದರೆ ಎಲ್ಲ ಯತ್ನಗಳೂ ಮುಗಿದು, ಕೂಡಿ ಬಾಳುವುದೇ ಕೇಡಾದಾಗ ಬೇರ್ಪಡುವ ದಾರಿಯೊಂದುಂಟು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. 1976ರ ತಿದ್ದುಪಡಿಯಿಂದ ಪರಸ್ಪರ ಸಮ್ಮತಿಯ ವಿಚ್ಛೇದನವೂ ಅದರಲ್ಲಿ ಸೇರಿತು. ಬೇರಾದ ಮಾತ್ರಕ್ಕೆ ಭಕ್ತನು ಭವಿಯಾಗನು. ಹೇಗೆ ಬೇರಾದನು ಎಂಬಲ್ಲಿ ಅವನ ಭಕ್ತಿಯ ಪರೀಕ್ಷೆಯಿದೆ. ಅಂಗಡಿಯನ್ನೋ ಕಾರಖಾನೆಯನ್ನೋ ನಡೆಸುವ ಗೃಹಸ್ಥನಿಗಂತೂ ಈ ಪರೀಕ್ಷೆ ಬಹು ಕಠಿಣವಾದುದು.

ಪೇಟೆಯಲ್ಲಿ ದಲಾಲಿ ಅಂಗಡಿಯಿಟ್ಟ ಒಬ್ಬ ಸದ್ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ರೈತನ ಕಾಳನ್ನು ಸರಿಯಾಗಿ ತೂಗಿ, ಹಮಾಲರ ಕೂಲಿಯನ್ನು ಅಂದಂದೇ ಕೊಟ್ಟು, ಹತ್ತು ಜನರಲ್ಲಿ ಒಳ್ಳೆಯವನೆನಿಸಿಕೊಂಡವನು ಅವನು. ದಾಂಪತ್ಯ ಮುರಿದು ವ್ಯವಹಾರ ಕೋರ್ಟಿನ ಮೆಟ್ಟಿಲು ಹತ್ತಿದೊಡನೆ ಬುದ್ಧಿ ಹೇಳುವವರು ನೆರೆಯುವರು. ಗೋದಾಮಿನ ಸರಕನ್ನು ತಮ್ಮನ ಹೆಸರಿಗೆ ಬರೆಯೆಂದು ಒಬ್ಬ, ಇಲ್ಲದ ಸಾಲವನ್ನು ಖಾತೆಯಲ್ಲಿ ಕಾಣಿಸೆಂದು ಇನ್ನೊಬ್ಬ, ಲಾಭವನ್ನೆಲ್ಲ ಹಾನಿಯೆಂದು ತೋರಿಸೆಂದು ಮತ್ತೊಬ್ಬ. ರೈತನಿಗೆ ಹಿಡಿಕಾಳು ತಪ್ಪಿ ತೂಗದವನು, ಇಷ್ಟು ವರ್ಷ ತನ್ನ ಮನೆಯ ದೀಪ ಬೆಳಗಿಸಿದವಳಿಗೆ ಕಳ್ಳ ತಕ್ಕಡಿ ಹಿಡಿಯಬಹುದೆ?

ಇಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತ ನೆನೆಯತಕ್ಕದ್ದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು ಮೆಚ್ಚಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಪತಿಯ ಕಾಯಕದ ಲೆಕ್ಕವನ್ನು ಕೇಳುವ ಅಧಿಕಾರ ಸತಿಗೆ ಉಂಟೆಂಬುದು ಈ ವೃತ್ತಾಂತದ ತಿರುಳು. ಕೇಳಿದುದಕ್ಕೆ ಮಾರಯ್ಯ ಸಿಡುಕಲಿಲ್ಲ. ಹೀಗಿರುವಾಗ ಬೇರ್ಪಡುವ ಪತ್ನಿ ಅಂಗಡಿಯ ಲೆಕ್ಕ ಕೇಳಿದರೆ ಅದನ್ನು ಅಪಮಾನವೆಂದು ಬಗೆಯುವುದು ಸಲ್ಲದು.

ಲೋಕದ ನ್ಯಾಯವೂ ಇದನ್ನೇ ಹೇಳುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿಧಿಸಿತು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧವೆಂದು ಹಂಚಿಕೊಡುವ ನಿಯಮ ನಮ್ಮ ಕಾಯಿದೆಯಲ್ಲಿಲ್ಲ. ಆದಾಯವನ್ನೂ ಅವಶ್ಯಕತೆಯನ್ನೂ ತೂಗಿ ನೋಡಿ ಜೀವನಾಂಶ ಗೊತ್ತುಮಾಡುವರು. ಆದುದರಿಂದ ಆದಾಯವನ್ನು ಮರೆಮಾಡುವುದೆಂದರೆ ಆಕೆಯ, ಮಕ್ಕಳ ಅನ್ನವನ್ನೇ ಮರೆಮಾಡಿದಂತೆ. ನ್ಯಾಯಾಧೀಶರಿಗೆ ಅದು ಕಾಣದೆ ಹೋಗಬಹುದು. ಕರಸ್ಥಲದ ಇಷ್ಟಲಿಂಗದೆದುರು ನಾಳೆ ಬೆಳಿಗ್ಗೆ ಕುಳಿತುಕೊಳ್ಳಬೇಕಾದವನು ಅವನೇ ಅಲ್ಲವೆ?

ಲೆಕ್ಕ ಬಿಡಿಸುವಾಗ ಮೊದಲು ನೋಡತಕ್ಕದ್ದು ಸ್ತ್ರೀಧನ. ವ್ಯಾಪಾರದ ಮುಗ್ಗಟ್ಟಿನಲ್ಲಿ ಹೆಂಡತಿಯ ಬಳೆ, ಸರಗಳನ್ನು ಒತ್ತೆಯಿಟ್ಟು ಬಂಡವಾಳ ಮಾಡಿಕೊಂಡವರು ಅನೇಕರು. ಸ್ತ್ರೀಧನವು ಆಕೆಯದೇ ಎಂದೂ, ಸಂಕಟದಲ್ಲಿ ಪತಿ ಬಳಸಿದರೂ ಅದನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸುವುದು ಅವನ ನೈತಿಕ ಹೊಣೆಯೆಂದೂ 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಅಂಗಡಿಯ ಮೊದಲ ಸಾಲ. ಎರಡನೆಯದು ಆಕೆಯ ಸಹಿ. ಪತ್ನಿಯನ್ನು ಪಾಲುದಾರಳಾಗಿ ಬರೆಸಿದ್ದರೆ ಮದುವೆ ಮುರಿದ ಮಾತ್ರಕ್ಕೆ ಪಾಲುದಾರಿಕೆ ಮುರಿಯದು. 1932ರ ಪಾಲುದಾರಿಕೆ ಕಾಯಿದೆಯಂತೆ ಲೆಕ್ಕ ತೀರಿಸಿ, ನಿವೃತ್ತಿಯನ್ನು ಸಾರ್ವಜನಿಕವಾಗಿ ಪ್ರಕಟಿಸದಿದ್ದರೆ ಹೊರಗಿನವರಿಗೆ ಆಕೆ ಹೊಣೆಯಾಗಿಯೇ ಉಳಿಯಬಹುದು. ಬ್ಯಾಂಕಿನ ಸಾಲಕ್ಕೆ ಆಕೆ ಜಾಮೀನು ನಿಂತಿದ್ದರೆ ವಿಚ್ಛೇದನದ ಡಿಕ್ರಿ ಅದನ್ನು ಅಳಿಸದು. ಬ್ಯಾಂಕೇ ಬಿಡುಗಡೆ ಮಾಡಬೇಕು. ನಂಬಿ ಸಹಿ ಹಾಕಿದವಳನ್ನು ಋಣದಲ್ಲಿ ಬಿಟ್ಟು ತಾನು ಬಿಡುಗಡೆ ಹೊಂದಿದೆನೆಂಬುದು ಸದಾಚಾರವಲ್ಲ.

ಇನ್ನೊಂದು ಮಾತು ಮಠದ ಭಕ್ತರಿಗೇ ವಿಶೇಷವಾಗಿ ಸಲ್ಲುವಂಥದು. ಹೆಂಡತಿಗೆ ಸೇರಬೇಕಾದುದನ್ನು ತಪ್ಪಿಸಲೆಂದು ಹಣವನ್ನು ಮಠಕ್ಕೋ ಗುಡಿಗೋ ಕೊಟ್ಟು ದಾಸೋಹವೆಂದು ಕರೆಯುವುದುಂಟು. ದಾಸೋಹವು ಸತ್ಯಶುದ್ಧ ಕಾಯಕದಿಂದ ಬಂದುದಾಗಿರಬೇಕು. ಪರರ ಪಾಲನ್ನು ಅಪಹರಿಸಿ ತಂದ ಅಕ್ಕಿಯಿಂದ ಜಂಗಮನಿಗೆ ಪ್ರಸಾದವಾಗದು. ಅಂಥ ಕಾಣಿಕೆಯನ್ನು ಅರಿತ ಗುರು ಸ್ವೀಕರಿಸಲಾರನು.

ವ್ಯಾಪಾರ ಹೆಂಡತಿಯದೇ ಆಗಿದ್ದರೂ ಧರ್ಮ ಬೇರೆಯಲ್ಲ. 1955ರ ಕಾಯಿದೆಯಂತೆ ಜೀವನಾಂಶ ಕೇಳುವ ಹಕ್ಕು ಇಬ್ಬರಿಗೂ ಉಂಟು. ಸತ್ಯ ನುಡಿಯುವ ಹೊಣೆಯೂ ಇಬ್ಬರದು. ಇಲ್ಲದ ಗಳಿಕೆಯನ್ನು ಉಂಟೆಂದು ಆರೋಪಿಸುವುದೂ ಕಳ್ಳ ತೂಕವೇ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಿರಾಕಿಗಳೊಡನೆ ಮನೆಯ ಮಾತಾಡುವುದು, ಗುಮಾಸ್ತನನ್ನು ಸುಳ್ಳುಸಾಕ್ಷಿಗೆ ಒತ್ತಾಯಿಸುವುದು, ಕೋಪದಿಂದ ಅಂಗಡಿ ಮುಚ್ಚಿ ಹಮಾಲರ ಒಲೆ ಆರಿಸುವುದು, ಇವೆಲ್ಲ ಕಾಯಕದ್ರೋಹಗಳು. ಆಳುಕಾಳುಗಳು ಈ ಜಗಳದಲ್ಲಿ ಯಾವ ಪಕ್ಷದವರೂ ಅಲ್ಲ.

ಸಮ್ಮತಿಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆಯಾಗಿರಬೇಕು. ಅರ್ಜಿಯ ಬಳಿಕ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ತಕ್ಕ ಪ್ರಕರಣದಲ್ಲಿ ಈ ಆರು ತಿಂಗಳನ್ನು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ತಿಳಿಸಿತು. ಈ ಅವಧಿಯನ್ನು ಹಗೆ ಸಾಧಿಸಲು ಕಳೆಯದೆ, ಇಬ್ಬರೂ ನಂಬುವ ಒಬ್ಬ ಹಿರಿಯರನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಕೂರಿಸಿಕೊಂಡು ಕಿರ್ದಿ, ಖಾತೆಗಳನ್ನು ಬಿಚ್ಚಿಡುವುದು ಲೇಸು. ಕೊಡತಕ್ಕದ್ದನ್ನು ಕೊಟ್ಟು, ಮಕ್ಕಳೆದುರು ಒಬ್ಬರನ್ನೊಬ್ಬರು ನಿಂದಿಸದೆ ಅಗಲಿದವರಿಗೆ ದುಃಖ ಉಳಿದೀತು, ಆದರೆ ಅಂಜಿಕೆ ಉಳಿಯದು. ಅಂಥವರ ಅಂಗಡಿಯ ಬಾಗಿಲು ಮರುದಿನ ಮುಂಜಾನೆ ಎಂದಿನಂತೆ ತೆರೆಯಲಿ. ಅವರ ಕಾಯಕಕ್ಕೆ ಗುರುಕೃಪೆಯಿರಲಿ.